ನಮ್ಮ 'ಮಹಾರಾಣಿ'ಗೆ ಕೊಕ್ಕೆ ಬಂದಿದೆ! ಇನ್ನೊಂದು ಸಲ ಪೊರೆ ಬಿಡುತ್ತಾ?

ಬಿಲವಾಸಿ

ಮೂರು ವರ್ಷದಿಂದ ಒಂದು ಕರ್ಲಿ ಹೇರ್ ಟರಂಟುಲಾ (ಮೈತುಂಬಾ ಕೂದಲಿರುವ ದೊಡ್ಡ ಜೇಡ) ಸಾಕುತ್ತಿದ್ದೇನೆ. ತಂದಾಗ ಹೆಬ್ಬೆರಳಿನ ಉಗುರಿನಷ್ಟಿತ್ತು. ಕೊಟ್ಟವರು 'ಗ್ಯಾರಂಟಿ ಹೆಣ್ಣು, ಇಪ್ಪತ್ತು ವರ್ಷ ನಿಮ್ಮ ಜೊತೆ ಇರುತ್ತೆ' ಅಂದಿದ್ದರು. ಅದಕ್ಕೇ ಮಹಾರಾಣಿ ಅಂತ ಹೆಸರಿಟ್ಟೆ.

ಹೋದ ತಿಂಗಳು ಪೊರೆ ಬಿಟ್ಟಿತು. ಹಿಂದೆಲ್ಲ ಪೊರೆ ಬಿಟ್ಟ ಮೇಲೆ ಮೊದಲಿಗಿಂತ ದೊಡ್ಡದಾಗಿ, ಗತ್ತಿನಿಂದ ಕೂರುತ್ತಿತ್ತು. ಈ ಸಲ ಹೊರಗೆ ಬಂದದ್ದು ಬೇರೆ ಯಾರೋ! ಕಾಲು ಉದ್ದುದ್ದ, ಹೊಟ್ಟೆ ಗೋಲಿಯಷ್ಟು. ಬಾಯಿ ಪಕ್ಕದ ಎರಡು ಪುಟ್ಟ ಕೈಗಳ ತುದಿ ಬಾಕ್ಸಿಂಗ್ ಗ್ಲೌಸ್ ಹಾಕಿಕೊಂಡ ಹಾಗೆ ಉಬ್ಬಿದೆ. ಮುಂದಿನ ಎರಡು ಕಾಲುಗಳ ಒಳಗೆ, ಮೊಣಕಾಲಿನಿಂದ ಸ್ವಲ್ಪ ಕೆಳಗೆ, ಕಪ್ಪು ಕೊಕ್ಕೆಯಂಥದ್ದು ಇದೆ.

ಮೊದಲು ದಿನವಿಡೀ ಬಿಲದ ಬಾಯಲ್ಲಿ ಕೂತಿರುತ್ತಿತ್ತು. ಈಗ ರಾತ್ರಿಯೆಲ್ಲ ಗಾಜು ಹತ್ತುವುದು, ಇಳಿಯುವುದು, ಮತ್ತೆ ಹತ್ತುವುದು. ಹುಳ ಹಾಕಿದರೆ ಮೂಸಿಯೂ ನೋಡುವುದಿಲ್ಲ. ಕಾಯಿಲೆಯಾ? ಅಥವಾ ನನಗೆ ಅನುಮಾನ ಇರುವ ಹಾಗೆ ಇದು ಗಂಡಾ? ಹಾಗಿದ್ದರೆ ಇನ್ನೊಂದು ಪೊರೆ ಬಿಡುತ್ತಾ? ಎಷ್ಟು ದಿನ ಇರುತ್ತೆ?

ಪೊರೆಪುರಾಣ

ಅಭಿನಂದನೆ, ನಿಮ್ಮ ಮಹಾರಾಣಿ ಮಹಾರಾಜ. ಕಾಯಿಲೆ ಏನೂ ಇಲ್ಲ. ಪ್ರಾಯಕ್ಕೆ ಬಂದ ಗಂಡು ಮಾಡುವುದೇ ಇಷ್ಟು. ಊಟ ಬಿಡುತ್ತಾನೆ, ಹೆಣ್ಣು ಹುಡುಕಿಕೊಂಡು ಅಲೆಯುತ್ತಾನೆ. ಕಾಡಿನಲ್ಲಾದರೆ ಬಿಲ ಬಿಟ್ಟು ಹೊರಟಿರುತ್ತಿದ್ದ. ನಿಮ್ಮ ಮನೆಯಲ್ಲಿ ಗಾಜು ಅಡ್ಡ ಬಂದಿದೆ.

ಇನ್ನೊಂದು ಪೊರೆ ಬಿಡುವುದಿಲ್ಲ. ಅದೇ ಕೊನೆಯದು.

ಸುಮ್ನೆಓದುಗ

ಉಗುರಿನಷ್ಟಿದ್ದಾಗಲೇ ಗ್ಯಾರಂಟಿ ಹೆಣ್ಣು ಅಂದರಾ? ಆ ಗ್ಯಾರಂಟಿ ಕಾರ್ಡ್ ಇದ್ದರೆ ಫೋಟೋ ಹಾಕಿ 😄

ಚಿಮುಟ

ಅಷ್ಟು ಸಣ್ಣ ಮರಿಯನ್ನು ಬರಿಗಣ್ಣಲ್ಲಿ ನೋಡಿ ಗಂಡು ಹೆಣ್ಣು ಹೇಳಲು ಆಗುವುದಿಲ್ಲ. ಯಾರಾದರೂ ಹೇಳಿದರೆ ಅದು ನಾಣ್ಯ ಚಿಮ್ಮಿದ ಹಾಗೆ. ಕಾಲು ಚಾಚಿದಾಗ ಎರಡು ಇಂಚು ದಾಟಿದ ಮೇಲೆ, ಬಿಟ್ಟ ಪೊರೆಯನ್ನು ಬಿಡಿಸಿ ಭೂತಗನ್ನಡಿ ಹಿಡಿದು ನೋಡಿದರೆ ತಕ್ಕಮಟ್ಟಿಗೆ ನಂಬಬಹುದು. ನೀವು ಹಿಂದಿನ ಪೊರೆ ಒಂದನ್ನೂ ಇಟ್ಟುಕೊಳ್ಳಲಿಲ್ವಾ?

ಬಿಲವಾಸಿ

ಎಲ್ಲವನ್ನೂ ಬಿಸಾಡಿದ್ದೇನೆ. ಅದರಲ್ಲಿ ಏನೋ ಓದಬಹುದು ಅಂತ ಗೊತ್ತೇ ಇರಲಿಲ್ಲ.

ಕತ್ತಲಕೋಣೆ

ಪೊರೆಪುರಾಣ ಅವರೇ, ಕೊನೆಯದು ಅಂತ ಅಷ್ಟು ಖಡಾಖಂಡಿತವಾಗಿ ಹೇಳಬೇಡಿ. ನನ್ನ ಹತ್ತಿರ ಒಂದು ಗಂಡು ಇತ್ತು. ಪ್ರಾಯಕ್ಕೆ ಬಂದು ಒಂದು ವರ್ಷದ ಮೇಲೆ ಮತ್ತೆ ಪೊರೆ ಬಿಟ್ಟಿತ್ತು.

ಪೊರೆಪುರಾಣ

ಬಿಟ್ಟ ಮೇಲೆ ಏನಾಯಿತು ಅದನ್ನೂ ಹೇಳಿ.

ಕತ್ತಲಕೋಣೆ

...ಸತ್ತಿತು. ಮೈಯೆಲ್ಲ ಹೊರಗೆ ಬಂತು, ಆ ಎರಡು ಕೈಗಳು ಮಾತ್ರ ಒಳಗೇ ಸಿಕ್ಕಿಕೊಂಡವು. ನಾಲ್ಕು ದಿನ ಹಳೆಯ ಪೊರೆಯನ್ನು ಎಳೆದುಕೊಂಡೇ ತಿರುಗಿತು.

ಪೊರೆಪುರಾಣ

ಅದೇ ನಾನು ಹೇಳುವುದು. ಅಪರೂಪಕ್ಕೆ ಪ್ರಯತ್ನಪಡುತ್ತವೆ, ಆದರೆ ಬಹುತೇಕ ಉಳಿಯುವುದಿಲ್ಲ. ಆ ಕೈಗಳ ತುದಿಯಲ್ಲಿರುವ ಉಬ್ಬು ಸುಮ್ನೆ ಅಲಂಕಾರಕ್ಕಲ್ಲ. ಒಳಗೆ ಬಲ್ಬಿನಂಥ ಒಂದು ಚೀಲ, ಅದಕ್ಕೆ ಸೂಜಿಯಂತೆ ಸಣ್ಣಗಾದ ಮೂತಿ. ಪೊರೆ ಬಿಡುವುದು ಅಂದರೆ ಕಾಲುಚೀಲದಿಂದ ಕಾಲು ಎಳೆದ ಹಾಗೆ. ಅಗಲವಾದ ಬಲ್ಬು ಕಿರಿದಾದ ದಾರಿಯಲ್ಲಿ ಹೇಗೆ ಬರಬೇಕು? ಅಲ್ಲೇ ಸಿಗಿಬೀಳುತ್ತದೆ.

ಎಂಟುಕಾಲು

ಬಿಲವಾಸಿ ಅವರಿಗೆ ಸ್ವಲ್ಪ ವಿವರವಾಗಿ ಹೇಳುತ್ತೇನೆ, ಯಾಕೆಂದರೆ ಇದೇ ಪ್ರಶ್ನೆ ಎರಡು ತಿಂಗಳಿಗೊಮ್ಮೆ ಬರುತ್ತೆ.

ಹೆಣ್ಣಿಗೆ 'ಇನ್ನು ಸಾಕು' ಅನ್ನುವ ಪೊರೆ ಇಲ್ಲ. ಮರಿಯಾಗಿದ್ದಾಗ ಒಂದೆರಡು ತಿಂಗಳಿಗೊಮ್ಮೆ, ದೊಡ್ಡದಾದ ಮೇಲೆ ವರ್ಷಕ್ಕೋ ಎರಡು ವರ್ಷಕ್ಕೋ ಒಮ್ಮೆ, ಬದುಕಿರುವವರೆಗೂ ಬಿಡುತ್ತಲೇ ಇರುತ್ತದೆ. ಗಂಡಿಗೆ ಪ್ರಾಯದ ಪೊರೆಯೇ ಕೊನೆಯ ನಿಲ್ದಾಣ. ಅದಾದ ಮೇಲೆ ಕೆಲವು ತಿಂಗಳಿಂದ ಒಂದೂವರೆ ವರ್ಷ ಇಟ್ಟುಕೊಳ್ಳಿ, ಜಾತಿ ನೋಡಿಕೊಂಡು ಹೆಚ್ಚು ಕಡಿಮೆ. ಅದಕ್ಕೇ ಒಂದೇ ಮೊಟ್ಟೆಚೀಲದಿಂದ ಬಂದ ಅಕ್ಕ ಇಪ್ಪತ್ತು ವರ್ಷ ಇರುತ್ತಾಳೆ, ತಮ್ಮ ಐದಕ್ಕೆ ಮುಗಿಸುತ್ತಾನೆ.

ಕೊಕ್ಕೆ ಯಾಕೆ ಅಂತ ಕೇಳಿಲ್ಲ, ಆದರೂ ಹೇಳುತ್ತೇನೆ. ಕೂಡುವಾಗ ಹೆಣ್ಣು ಕೋರೆಹಲ್ಲು ಬಿಚ್ಚಿ ಎದ್ದು ನಿಲ್ಲುತ್ತಾಳೆ. ಗಂಡು ಆ ಕೊಕ್ಕೆಯಲ್ಲಿ ಕೋರೆಗಳನ್ನು ತಡೆದು ಹಿಡಿದು ಅವಳನ್ನು ಹಿಂದಕ್ಕೆ ಎತ್ತುತ್ತಾನೆ. ಕೊಕ್ಕೆ ಅವನ ಹೆಲ್ಮೆಟ್ಟು.

ಚಿಮುಟ

ಕೊಕ್ಕೆ ಇದ್ದರೆ ಮಾತ್ರ ಗಂಡು ಅಂತ ಓದುವವರು ತಿಳಿದುಕೊಳ್ಳಬಾರದು. ಗೋಲಿಯಾತ್ ಅನ್ನುತ್ತಾರಲ್ಲ, ಥೆರಾಫೋಸಾ ಬ್ಲಾಂಡಿ ಅನ್ನುವ ದೈತ್ಯ ಟರಂಟುಲಾ, ಅದರ ಗಂಡಿಗೆ ಕೊಕ್ಕೆ ಇರುವುದಿಲ್ಲ. ಕೈ ತುದಿಯ ಬಲ್ಬು ನೋಡಿಯೇ ಹೇಳಬೇಕು.

ಅರ್ಧರಾತ್ರಿ

ಜಾಸ್ತಿ ತಿನ್ನಿಸಿದ್ದೀರಿ, ಅದಕ್ಕೇ ಮೂರೇ ವರ್ಷಕ್ಕೆ ಮುಗಿಯಿತು. ಕಡಿಮೆ ಕೊಟ್ಟಿದ್ದರೆ ಇನ್ನೆರಡು ವರ್ಷ ಇರುತ್ತಿದ್ದ.

ಬಿಲವಾಸಿ

ವಾರಕ್ಕೆ ಎರಡು ಹುಳ ಹಾಕುತ್ತಿದ್ದೆ. ಅದು ಜಾಸ್ತೀನಾ? ಈಗ ನನಗೆ ಬೇಜಾರಾಗುತ್ತಿದೆ.

ಎಂಟುಕಾಲು

ಬೇಜಾರು ಮಾಡಿಕೊಳ್ಳಬೇಡಿ. ಕರ್ಲಿ ಹೇರ್ ಗಂಡು ಮೂರು ವರ್ಷಕ್ಕೆ ಪ್ರಾಯಕ್ಕೆ ಬರುವುದು ಮಾಮೂಲು.

ಅರ್ಧರಾತ್ರಿ ಹೇಳಿದ್ದರಲ್ಲಿ ಒಂದು ನಿಜ ಇದೆ. ಬೆಚ್ಚಗಿಟ್ಟು ಹೊಟ್ಟೆ ತುಂಬಾ ಕೊಟ್ಟರೆ ಪೊರೆಗಳ ನಡುವಿನ ಅಂತರ ಕಡಿಮೆಯಾಗುತ್ತದೆ. ಗಂಡಿನ ಆಯುಷ್ಯ ಎಣಿಸುವುದು ವರ್ಷದಲ್ಲಲ್ಲ, ಪೊರೆಯಲ್ಲಿ. ಬೇಗ ಬೇಗ ಪೊರೆ ಬಿಟ್ಟರೆ ಕೊನೆಯ ಪೊರೆಯೂ ಬೇಗ ಬರುತ್ತೆ. ಆದರೆ ವಾರಕ್ಕೆ ಎರಡು ಹುಳ ಕೊಟ್ಟವರನ್ನು ಕೊಲೆಗಾರರ ಹಾಗೆ ಮಾತಾಡಿಸುವುದು ಬೇಡ.

ಅರ್ಧರಾತ್ರಿ

ನಾನು ಕೊಲೆಗಾರ ಅಂದಿಲ್ಲ. ಇದ್ದದ್ದು ಹೇಳಿದೆ.

ರಾತ್ರಿಪಾಳಿ

ನೀವು ಇದ್ದದ್ದು ಹೇಳುವ ಧಾಟಿಯೇ ಹಾಗೆ ಮಾರಾಯರೇ.

ಹೊಸಬಳು

ಕ್ಷಮಿಸಿ, ನಡುವೆ ಬಾಯಿ ಹಾಕುತ್ತಿದ್ದೇನೆ. ಬೇರೆ ಚರ್ಚೆ ಶುರುಮಾಡಲು ಸಮಯ ಇಲ್ಲ. ನನ್ನ ಮೆಕ್ಸಿಕನ್ ರೆಡ್ ನೀ ಟರಂಟುಲಾ ಅಂಗಾತ ಬಿದ್ದಿದೆ!! ಮೂರಿಂಚಿನ ಮರಿ. ಒಂದು ತಿಂಗಳಿಂದ ಏನೂ ತಿಂದಿಲ್ಲ. ಸಂಜೆ 7:40ಕ್ಕೆ ನೋಡಿದೆ, ನಾಲ್ಕೂ ಕಡೆ ಕಾಲು ಚಾಚಿಕೊಂಡು ಬೆನ್ನ ಮೇಲೆ ಮಲಗಿದೆ. ಅಲ್ಲಾಡುತ್ತಿಲ್ಲ. ಸತ್ತುಹೋಯಿತಾ? ತಿರುಗಿಸಿ ಮಲಗಿಸಲಾ?

ಚಿಮುಟ

ಮುಟ್ಟಬೇಡಿ.

ಪೊರೆಪುರಾಣ

ಮುಟ್ಟಬೇಡಿ ತಾಯಿ!

ಎಂಟುಕಾಲು

ಡಬ್ಬಿ ಅಲ್ಲಾಡಿಸಬೇಡಿ, ಮುಚ್ಚಳ ಬಡಿಯಬೇಡಿ. ಅದು ಪೊರೆ ಬಿಡುತ್ತಿದೆ. ಸಾಯುವ ಟರಂಟುಲಾ ಅಂಗಾತ ಮಲಗುವುದಿಲ್ಲ. ನೆಟ್ಟಗೆ ನಿಂತಲ್ಲೇ ಕಾಲುಗಳನ್ನು ಹೊಟ್ಟೆಯಡಿ ಮುಷ್ಟಿ ಹಿಡಿದ ಹಾಗೆ ಮುದುಡಿಕೊಳ್ಳುತ್ತದೆ. ಅದರ ಕಾಲು ಚಾಚುವುದು ಮೈಯೊಳಗಿನ ದ್ರವದ ಒತ್ತಡದಿಂದ. ಒತ್ತಡ ಹೋದರೆ ಕಾಲು ತಾನಾಗೇ ಮುದುಡುತ್ತೆ. ನಿಮ್ಮದು ಚಾಚಿದೆ ಅಂದಿರಿ. ಒಳ್ಳೆಯ ಲಕ್ಷಣ.

ಕೆಳಗೆ ಬಿಳಿ ಬಲೆ ಚಾಪೆಯ ಹಾಗೆ ಹಾಸಿದೆಯಾ ನೋಡಿ.

ಹೊಸಬಳು

ಹೌದು! ನಿನ್ನೆಯಿಂದ ಹಾಸುತ್ತಿತ್ತು. ಹಾಸಿಗೆ ಮಾಡಿಕೊಳ್ಳುತ್ತಿದೆ ಅಂತ ನಗಾಡಿದ್ದೆ.

ಎಂಟುಕಾಲು

ಹಾಸಿಗೆಯೇ ಅದು.

ಪೊರೆಪುರಾಣ

ಒಂದು ಮುಖ್ಯ ಪ್ರಶ್ನೆ. ಒಳಗೆ ಜೀವಂತ ಹುಳ ಏನಾದರೂ ಇದೆಯಾ? ಇದ್ದರೆ ಮೆಲ್ಲಗೆ ಚಿಮುಟದಲ್ಲಿ ತೆಗೆಯಿರಿ. ಈಗ ಅದರ ಮೈ ಮೇಣದಷ್ಟು ಮೆತ್ತಗೆ. ಹಸಿದ ಕ್ರಿಕೆಟ್ ಹುಳ ಒಂದೇ ಒಂದು ಸಾಕು, ಬಂದು ಕಚ್ಚಿ ತಿನ್ನಲು ಶುರುಮಾಡುತ್ತೆ.

ಹೊಸಬಳು

ಒಂದು ಇತ್ತು. ನೀರಿನ ಬಟ್ಟಲ ಹಿಂದೆ ಅಡಗಿತ್ತು. ತೆಗೆದೆ. ಕೈ ನಡುಗುತ್ತಿದೆ.

ಹಸಿರುಗಾಜು

ತೇವ ಕಡಿಮೆಯಾದರೆ ಪೊರೆ ಸಿಕ್ಕಿಕೊಳ್ಳುತ್ತೆ. ಮೇಲಿಂದ ಚೆನ್ನಾಗಿ ನೀರು ಸಿಂಪಡಿಸಿ. ನಾನು ಯಾವಾಗಲೂ ಮಾಡುತ್ತೇನೆ.

ಚಿಮುಟ

ಬೇಡವೇ ಬೇಡ. ಅಂಗಾತ ಮಲಗಿದ ಜೇಡಕ್ಕೆ ಪಿಚಕಾರಿ ಹೊಡೆಯುವುದು, ಆಪರೇಷನ್ ನಡೆಯುವಾಗ ರೋಗಿಯ ಮುಖಕ್ಕೆ ನೀರು ಎರಚಿದ ಹಾಗೆ. ಬೆಚ್ಚಿಬಿದ್ದು ಎದ್ದುಬಿಟ್ಟರೆ ಅರ್ಧಕ್ಕೇ ನಿಲ್ಲುತ್ತೆ.

ಹಸಿರುಗಾಜು

ನನ್ನ ಮೂರೂ ಜೇಡ ಚೆನ್ನಾಗಿವೆ. ಆಮೇಲೆ ಹೇಳಿ.

ಎಂಟುಕಾಲು

ಚೆನ್ನಾಗಿರಲಿ. ಆದರೆ ನೀರು ಬೇಕಾಗುವುದು ಹೊರಗಿನ ಗಾಳಿಯಲ್ಲಿ ಅಲ್ಲ, ಜೇಡದ ಮೈಯೊಳಗೆ. ಹಳೆಯ ಚರ್ಮಕ್ಕೂ ಹೊಸ ಚರ್ಮಕ್ಕೂ ನಡುವೆ ಒಂದು ದ್ರವ ಇಳಿಯುತ್ತದೆ, ಅದೇ ಜಾರಿಸುವ ಎಣ್ಣೆ. ಪೊರೆಯ ಮುಂಚಿನ ವಾರಗಳಲ್ಲಿ ಬಟ್ಟಲಲ್ಲಿ ಸದಾ ನೀರಿದ್ದು, ಅದು ಕುಡಿದುಕೊಂಡಿದ್ದರೆ ಸಾಕು. ಕೊನೇ ಗಳಿಗೆಯಲ್ಲಿ ಸಿಂಪಡಿಸಿದರೆ ಒಳಗೆ ಹೋಗುವುದಿಲ್ಲ. ಗಾಳಿಯಾಡದ ಡಬ್ಬಿಯಲ್ಲಿ ಸದಾ ಒದ್ದೆ ಮಾಡಿಟ್ಟು ಬೂಷ್ಟು ಬರಿಸಿ ಸಾಯಿಸಿದವರನ್ನೂ ನೋಡಿದ್ದೇನೆ. (ಒಂದು ಕಾಲದಲ್ಲಿ ಅವರಲ್ಲಿ ನಾನೂ ಒಬ್ಬ.)

ಜಾತಿ ಜಾತಿಗೆ ಬೇರೆ ಅನ್ನುವುದು ಒಪ್ಪುತ್ತೇನೆ. ಮಳೆಕಾಡಿನ ಥೆರಾಫೋಸಾಗೆ ಮಣ್ಣು ಒಣಗಬಾರದು. ರೆಡ್ ನೀ ಒಣ ನೆಲದ್ದು, ಅದಕ್ಕೆ ಬಟ್ಟಲು ಸಾಕು.

ಹೊಸಬಳು

9:55. ಏನೋ ಆಗುತ್ತಿದೆ! ತಲೆಯ ಹತ್ತಿರದ ಚಿಪ್ಪು ಡಬ್ಬಿಯ ಮುಚ್ಚಳದ ಹಾಗೆ ಬಿಟ್ಟುಕೊಂಡಿತು. ಒಳಗೆ ತಿಳಿ ಬಣ್ಣ ಕಾಣುತ್ತಿದೆ. ಹೊಟ್ಟೆಯ ಪಕ್ಕದಲ್ಲೂ ಬಿರುಕು.

ಪೊರೆಪುರಾಣ

ದೀಪ ಆರಿಸಿ, ದೂರ ಕೂತು ನೋಡಿ. ಟಾರ್ಚ್ ನೇರ ಬಿಡಬೇಡಿ. ಇನ್ನು ಕಾಲು ಎಳೆದುಕೊಳ್ಳುವುದು ಬಾಕಿ, ಅದೇ ನಿಧಾನದ ಕೆಲಸ.

ರಾತ್ರಿಪಾಳಿ

ಡ್ಯೂಟಿಯಲ್ಲಿದ್ದೇನೆ, ಕ್ರಿಕೆಟ್ ಸ್ಕೋರ್ ನೋಡುವ ಹಾಗೆ ಇದನ್ನು ರಿಫ್ರೆಶ್ ಮಾಡುತ್ತಿದ್ದೇನೆ.

ಸುಮ್ನೆಓದುಗ

ನಮ್ಮ ಕಡೆಯೂ ಅದೇ. ಹೊಸಬಳು, ಹತ್ತು ನಿಮಿಷಕ್ಕೊಮ್ಮೆ ಅಪ್‌ಡೇಟ್ ಕೊಡಿ.

ಹೊಸಬಳು

10:20. ಉಸಿರು ಎಳೆದ ಹಾಗೆ ಇಡೀ ಮೈ ಒಂದು ಸಲ ಬಿಗಿಯುತ್ತೆ. ಆಗ ಎಲ್ಲಾ ಕಾಲೂ ಒಟ್ಟಿಗೆ ಒಂದು ಎಳೆ ಹೊರಗೆ ಬರುತ್ತವೆ. ಮತ್ತೆ ಸುಮ್ಮನಾಗುತ್ತೆ. ಮತ್ತೆ ಬಿಗಿಯುತ್ತೆ. ಹೊಸ ಕಾಲು ಒದ್ದೆ ದಾರದ ಹಾಗೆ, ಕೀಲೇ ಇಲ್ಲದ ಹಾಗೆ ಬಾಗುತ್ತಿದೆ. ಮೊಣಕಾಲಿನ ಕೆಂಪು ಎಷ್ಟು ಗಾಢ! ಹಳೆಯದು ಮಾಸಿಹೋಗಿತ್ತು ಅಂತ ಈಗ ಗೊತ್ತಾಯಿತು.

10:50. ಪೂರ್ತಿ ಬಂತು!!! ಪಕ್ಕದಲ್ಲಿ ಇನ್ನೊಂದು ಜೇಡ ಇದೆ ಅನ್ನಿಸುತ್ತೆ, ಆದರೆ ಅದು ಖಾಲಿ.

ಎಂಟುಕಾಲು

ಶಭಾಷ್. ಇನ್ನು ಅದು ಅಂಗಾತವೇ ಕೆಲವು ಗಂಟೆ ಮಲಗಿರಬಹುದು. ಮೈ ಕೈ ಚಾಚಿ ಚಾಚಿ ನೋಡಿಕೊಳ್ಳುತ್ತೆ, ವ್ಯಾಯಾಮ ಮಾಡಿದ ಹಾಗೆ. ಆಮೇಲೆ ತಾನೇ ಮಗುಚಿಕೊಳ್ಳುತ್ತೆ. ಗಾಬರಿಯಾಗಬೇಡಿ.

ಕೋರೆಹಲ್ಲು ನೋಡಿ, ಈಗ ಹಾಲಿನಷ್ಟು ಬೆಳ್ಳಗಿರುತ್ತೆ. ಆಮೇಲೆ ಕೆಂಪಾಗಿ, ಕೊನೆಗೆ ಕಪ್ಪಾಗುತ್ತೆ. ಕಪ್ಪಾಗುವವರೆಗೆ ಹುಳ ಹಾಕಬಾರದು. ಮೂರಿಂಚಿಗೆ ಒಂದು ವಾರ, ಹತ್ತು ದಿನ ಬಿಡಿ. ನೀರು ಮಾತ್ರ ತುಂಬಿಸಿಡಿ.

ಹೊಸಬಳು

ಬಿಳೀ ಹಲ್ಲು!! ಹಾಲುಹಲ್ಲಿನ ಹಾಗೆ ಮುದ್ದಾಗಿದೆ. ನಿಮಗೆಲ್ಲ ಕೈ ಮುಗಿಯಬೇಕು. ನಾನು ತಿರುಗಿಸಿಯೇ ಬಿಡುತ್ತಿದ್ದೆ.

ಕತ್ತಲಕೋಣೆ

ಒಂದು ತಿಂಗಳು ತಿನ್ನದೇ ಇದ್ದದ್ದೇ ಸೂಚನೆ. ಮುಂದಿನ ಸಲಕ್ಕೆ ನೆನಪಿಟ್ಟುಕೊಳ್ಳಿ: ಹೊಟ್ಟೆಯ ಹಿಂಭಾಗದಲ್ಲಿ ಕೂದಲು ಉದುರಿ ಬೋಳಾದ ಜಾಗ ಇರುತ್ತಲ್ಲ, ಅದು ಕಪ್ಪಗೆ ಹೊಳೆಯಲು ಶುರುವಾದರೆ ಒಳಗೆ ಹೊಸ ಕೂದಲು ತಯಾರಾಗಿದೆ ಅಂತ ಅರ್ಥ. ಆಮೇಲೆ ಹುಳ ಹಾಕುವುದು ನಿಲ್ಲಿಸಿ.

ಚಿಮುಟ

ಬೋಳು ಜಾಗ ಇಲ್ಲದಿದ್ದರೆ ಈ ಲಕ್ಷಣ ಸಿಗುವುದಿಲ್ಲ. ಏಷ್ಯಾ, ಆಫ್ರಿಕಾದ ಜಾತಿಗಳು ಕೂದಲು ಉದುರಿಸುವುದೇ ಇಲ್ಲ. ಅಲ್ಲಿ ಒಟ್ಟಾರೆ ಬಣ್ಣ ಮಾಸುವುದು, ಹೊಟ್ಟೆ ಊದುವುದು, ಆಲಸ್ಯ, ಇಷ್ಟನ್ನೇ ನೋಡಬೇಕು.

ಅರ್ಧರಾತ್ರಿ

ಉಪವಾಸ ಅಂದರೆ ಪೊರೆ ಅಂತಲೂ ಅಲ್ಲ. ಚಿಲಿಯ ರೋಸ್ ಹೇರ್ ಸಾಕಿದವರನ್ನು ಕೇಳಿ. ನಮ್ಮದು ಹದಿಮೂರು ತಿಂಗಳು ತಿನ್ನಲಿಲ್ಲ. ಪೊರೆಯೂ ಇಲ್ಲ, ಏನೂ ಇಲ್ಲ. ಒಂದು ದಿನ ಏನೂ ಆಗಿಲ್ಲ ಅನ್ನುವ ಹಾಗೆ ಹುಳ ಹಿಡಿಯಿತು.

ರಾತ್ರಿಪಾಳಿ

ಅದು ಸಾಕುಪ್ರಾಣಿಯಲ್ಲ, ಸಾಕು ಕಲ್ಲು.

ಹಳೇಗಡಿಯಾರ

ಆಯುಷ್ಯದ ವಿಷಯ ಬಂದದ್ದಕ್ಕೆ: ಆಸ್ಟ್ರೇಲಿಯಾದಲ್ಲಿ ಒಂದು ಟರಂಟುಲಾ 43 ವರ್ಷ ಬದುಕಿತ್ತು. ಪತ್ರಿಕೆಗಳಲ್ಲಿ ಬಂದಿತ್ತು.

ಎಂಟುಕಾಲು

ಅರ್ಧ ಸರಿ. 43 ವರ್ಷ ನಿಜ, ಆಸ್ಟ್ರೇಲಿಯಾ ನಿಜ, ಟರಂಟುಲಾ ಅಲ್ಲ. ಅದು ಟ್ರ್ಯಾಪ್‌ಡೋರ್ ಜೇಡ, ಬಿಲಕ್ಕೆ ಬಾಗಿಲು ಮಾಡಿಕೊಳ್ಳುವ ಜಾತಿ. ಟರಂಟುಲಾಗೆ ದೂರದ ನೆಂಟ. ಬಾರ್ಬರಾ ಯಾರ್ಕ್ ಮೇನ್ ಅನ್ನುವ ವಿಜ್ಞಾನಿ ಅದರ ಬಿಲಕ್ಕೆ 16 ಅಂತ ನಂಬರ್ ಹಾಕಿ ದಶಕಗಟ್ಟಲೆ ಗಮನಿಸಿದ್ದರು. ಹೆಣ್ಣು ಅಂತ ಬೇರೆ ಹೇಳಬೇಕಾಗಿಲ್ಲ. 2016ರಲ್ಲಿ ನೋಡಿದಾಗ ಬಿಲದ ಬಾಗಿಲಿಗೆ ತೂತು ಬಿದ್ದಿತ್ತು, ಜೇಡ ಇರಲಿಲ್ಲ. ಪರಾವಲಂಬಿ ಕಣಜದ ಕೆಲಸ.

ಹಳೇಗಡಿಯಾರ

43 ವರ್ಷ ಬದುಕಿ ಕೊನೆಗೆ ಕಣಜನಾ! ಛೆ.

ಸುಮ್ನೆಓದುಗ

ದೂರದ ನೆಂಟ ಅಂದಿರಿ. ಹಾಗಾದರೆ ಟರಂಟುಲಾ ಅಂತ ಹೆಸರು ಎಲ್ಲಿಂದ ಬಂತು?

ಹಳೇಗಡಿಯಾರ

ಇದು ನನಗೆ ಗೊತ್ತು, ಈ ಸಲ ತಪ್ಪಿಲ್ಲ. ಇಟಲಿಯಲ್ಲಿ ಟರಾಂಟೊ ಅಂತ ಊರಿದೆ. ಅಲ್ಲಿನ ಒಂದು ತೋಳ ಜೇಡಕ್ಕೆ ಮೊದಲು ಆ ಹೆಸರಿತ್ತು. ಅದು ಕಚ್ಚಿದರೆ ಕುಣಿದು ಕುಣಿದು ವಿಷ ಇಳಿಸಬೇಕು ಅಂತ ಜನ ನಂಬಿದ್ದರು. ಟರಂಟೆಲ್ಲಾ ಕುಣಿತದ ಹೆಸರೂ ಅಲ್ಲಿಂದಲೇ. ಆಮೇಲೆ ಯುರೋಪಿನವರು ಅಮೆರಿಕ ಖಂಡದಲ್ಲಿ ದೊಡ್ಡ ಕೂದಲಿನ ಜೇಡ ಕಂಡು ಅದಕ್ಕೂ ಅದೇ ಹೆಸರು ಅಂಟಿಸಿದರು. ಅಂದರೆ ನಾವು ಸಾಕುತ್ತಿರುವುದು ನಕಲಿ ಟರಂಟುಲಾ!

ಅರ್ಧರಾತ್ರಿ

ಹೆಸರಿನ ಗೋಳು ಮುಗಿಯುವುದೇ ಇಲ್ಲ. ಬಿಲವಾಸಿಯ ಕರ್ಲಿ ಹೇರ್‌ನ ವೈಜ್ಞಾನಿಕ ಕುಲದ ಹೆಸರು ಮೊದಲು ಬ್ರಾಕಿಪೆಲ್ಮಾ ಆಗಿತ್ತು, 2020ರಲ್ಲಿ ಟ್ಲಿಲ್ಟೊಕ್ಯಾಟಲ್ ಆಯಿತು. ಡಬ್ಬಿಯ ಚೀಟಿ ತಿದ್ದಿ ತಿದ್ದಿ ಸಾಕಾಯಿತು. ಉಚ್ಚಾರಣೆ ಸರಿಯಾಗಿ ಗೊತ್ತಿರುವವರು ಕೈ ಎತ್ತಿ.

ರಾತ್ರಿಪಾಳಿ

ನಾನು ಗುಂಗುರು ಕೂದಲು ಅಂತಲೇ ಕರೆಯುವುದು.

ಬಿಲವಾಸಿ

ಚರ್ಚೆ ನನ್ನಿಂದ ಶುರುವಾಗಿದ್ದು ಅಂತ ನೆನಪಿಸುತ್ತಿದ್ದೇನೆ 😅 ಇವತ್ತು ಬೆಳಿಗ್ಗೆ ವಿಚಿತ್ರ ನೋಡಿದೆ. ಮಹಾರಾಜ ಮೂಲೆಯಲ್ಲಿ ಒಂದು ಸಣ್ಣ ಬಲೆ ಕಟ್ಟಿದ್ದ, ಡೇರೆಯ ಹಾಗೆ. ಅದರ ಕೆಳಗೆ ಅಂಗಾತ ನುಸುಳಿ ಏನೋ ಮಾಡಿದ. ಆಮೇಲೆ ಬಲೆಯ ಮೇಲೆ ಹತ್ತಿ ಕೈಗಳನ್ನು ಒಂದಾದ ಮೇಲೆ ಒಂದು ಅದ್ದುತ್ತಿದ್ದ. ಕೊನೆಗೆ ಬಲೆಯನ್ನೇ ಹರಿದು ಹಾಕಿದ. ಮತ್ತೆ ಪೊರೆ ಬಿಡಲು ಹೊರಟಿದ್ದಾನಾ ಅಂತ ಎದೆ ಧಸಕ್ಕೆಂದಿತು.

ಎಂಟುಕಾಲು

ಅಲ್ಲ ಅಲ್ಲ, ನೀವು ನೋಡಿದ್ದು ವೀರ್ಯದ ಬಲೆ. ಅದೃಷ್ಟವಂತರು, ವರ್ಷಗಟ್ಟಲೆ ಸಾಕಿದವರಿಗೂ ಹರಿದ ಚೂರುಗಳಷ್ಟೇ ಸಿಗುತ್ತವೆ. ಅವನ ವೀರ್ಯ ಬರುವುದು ಹೊಟ್ಟೆಯ ಅಡಿಯಿಂದ. ಹೆಣ್ಣಿಗೆ ಕೊಡಬೇಕಾದದ್ದು ಕೈಯಿಂದ. ಎರಡಕ್ಕೂ ಸಂಪರ್ಕವೇ ಇಲ್ಲ. ಅದಕ್ಕೆ ಮೊದಲು ಬಲೆಯ ಮೇಲೆ ಒಂದು ಹನಿ ಇಟ್ಟು, ಆಮೇಲೆ ಕೈ ತುದಿಯ ಬಲ್ಬಿನಿಂದ ಪೆನ್ನಿಗೆ ಇಂಕು ತುಂಬಿಸಿದ ಹಾಗೆ ಹೀರಿಕೊಳ್ಳುತ್ತಾನೆ. ಅಂದರೆ ನಿಮ್ಮ ಹುಡುಗ ಈಗ ತಯಾರು.

ಕತ್ತಲಕೋಣೆ

ನನ್ನ ಹತ್ತಿರ ದೊಡ್ಡ ಕರ್ಲಿ ಹೇರ್ ಹೆಣ್ಣಿದೆ. ಎರಡು ತಿಂಗಳ ಹಿಂದೆ ಪೊರೆ ಬಿಟ್ಟು, ಈಗ ಚೆನ್ನಾಗಿ ತಿನ್ನುತ್ತಿದೆ. ಒಪ್ಪಿದರೆ ಸಂಬಂಧ ನೋಡೋಣ.

ಬಿಲವಾಸಿ

ತಿಂದುಬಿಟ್ಟರೆ?

ಕತ್ತಲಕೋಣೆ

ತಿನ್ನಬಹುದು. ಸುಳ್ಳು ಹೇಳುವುದಿಲ್ಲ. ಅವಳಿಗೆ ಮೊದಲು ಹೊಟ್ಟೆ ತುಂಬಾ ಕೊಟ್ಟಿರುತ್ತೇನೆ, ಕೈಯಲ್ಲಿ ಉದ್ದ ಚಿಮುಟ ಹಿಡಿದು ಪಕ್ಕದಲ್ಲೇ ಇರುತ್ತೇನೆ. ಆದರೂ ಖಾತ್ರಿ ಇಲ್ಲ.

ಅರ್ಧರಾತ್ರಿ

ಕೊಡಬೇಡಿ. ಮೂರು ವರ್ಷ ಸಾಕಿದ್ದನ್ನು ಬಾಯಿಗೆ ಕೊಡುವುದಾ? ನಿಮ್ಮ ಮನೆಯಲ್ಲೇ ನೆಮ್ಮದಿಯಾಗಿ ಇದ್ದು ಹೋಗಲಿ.

ಪೊರೆಪುರಾಣ

ಎಲ್ಲಿದೆ ನೆಮ್ಮದಿ? ಊಟ ಬಿಟ್ಟು ರಾತ್ರಿಯೆಲ್ಲ ಗಾಜು ಕೆರೆಯುತ್ತಿದ್ದಾನೆ. ಅವನಿಗೆ ಉಳಿದಿರುವುದು ಒಂದೇ ಕೆಲಸ. ಅದನ್ನೂ ತಡೆದು ಡಬ್ಬಿಯಲ್ಲಿ ಒಣಗಿಸಿ 'ಪ್ರೀತಿ' ಅನ್ನುವುದು ನನಗೆ ಸರಿ ಕಾಣುವುದಿಲ್ಲ. ಇನ್ನೊಂದು ಮಾತು, ಮನೆಯಲ್ಲಿ ಹುಟ್ಟಿದ ಮರಿ ಸಿಕ್ಕಿದಷ್ಟೂ ಕಾಡಿನಿಂದ ಹಿಡಿದು ತರುವುದು ಕಡಿಮೆಯಾಗುತ್ತೆ. ರೆಡ್ ನೀ ವ್ಯಾಪಾರಕ್ಕೆ 1985ರಿಂದಲೇ ಅಂತರರಾಷ್ಟ್ರೀಯ ಕಡಿವಾಣ ಬಿದ್ದದ್ದು ಸುಮ್ನೆ ಅಲ್ಲ. ನಮ್ಮ ಕಡೆಯ ಟರಂಟುಲಾಗಳಾದ ಪಿಸಿಲೋಥೀರಿಯಾ ಜಾತಿಗಳನ್ನೂ 2019ರಲ್ಲಿ ಆ ಕಡಿವಾಣದ ಪಟ್ಟಿಗೆ ಸೇರಿಸಿದರು.

ಅರ್ಧರಾತ್ರಿ

ನೂರಾರು ಮರಿ ಹುಟ್ಟಿದ ಮೇಲೆ ಎಲ್ಲಿ ಇಡುತ್ತೀರಿ? ಅದನ್ನು ಯಾರೂ ಯೋಚಿಸುವುದಿಲ್ಲ.

ಕತ್ತಲಕೋಣೆ

ಯೋಚಿಸಿಯೇ ಕೇಳಿದ್ದು. ಹಿಂದೆ ಒಂದು ಮೊಟ್ಟೆಚೀಲ ನೋಡಿಕೊಂಡಿದ್ದೇನೆ. ಆರುನೂರು ಡಬ್ಬಿಗೆ ಆರುನೂರು ತೂತು ಕೊರೆದ ಕೈ ಇದು.

ಚಿಮುಟ

ಒಂದು ತಾಂತ್ರಿಕ ವಿಷಯ. ಕೂಡಿಸಿದ ಮೇಲೆ, ಮೊಟ್ಟೆ ಇಡುವ ಮೊದಲು ಆ ಹೆಣ್ಣು ಪೊರೆ ಬಿಟ್ಟರೆ ಎಲ್ಲವೂ ನೀರಿನಲ್ಲಿ ಹೋಮ. ವೀರ್ಯ ಕೂಡಿಟ್ಟುಕೊಳ್ಳುವ ಚೀಲದ ಒಳಪದರವೂ ಪೊರೆಯ ಜೊತೆಗೆ ಹೊರಗೆ ಬಂದುಬಿಡುತ್ತೆ. ಪೊರೆ ಬಿಟ್ಟು ಎರಡೇ ತಿಂಗಳು ಅಂದರೆ ಸಮಯ ಚೆನ್ನಾಗಿದೆ.

ಹೊಸಬಳು

ಒಂದು ನಿಮಿಷ. ಪೊರೆಯಲ್ಲಿ ಆ ಚೀಲವೂ ಬರುತ್ತಾ?! ಅಂದರೆ ನನ್ನ ಹತ್ತಿರ ಇರುವ ಪೊರೆಯಲ್ಲಿ ಅದನ್ನು ನೋಡಬಹುದಾ? ನಮ್ಮದು ಬೆಳಗಿನ ಜಾವ ಮಗುಚಿಕೊಂಡು, ಬಟ್ಟಲಿಗೆ ಬಾಯಿ ಹಾಕಿ ಅರ್ಧ ಗಂಟೆ ನೀರು ಕುಡಿಯಿತು. ಪೊರೆ ಮೂಲೆಯಲ್ಲಿದೆ.

ಚಿಮುಟ

ಕೋರೆಯ ಹೊದಿಕೆ, ಹೀರುವ ಹೊಟ್ಟೆಯ ಒಳಪದರ, ಎಲ್ಲಾ ಅದರಲ್ಲೇ ಇರುತ್ತೆ.

ಉದ್ದ ಚಿಮುಟದಲ್ಲಿ ತೆಗೆಯಿರಿ. ಒಣಗಿದ್ದರೆ ಬಗ್ಗಿಸಬೇಡಿ, ಪುಡಿಯಾಗುತ್ತೆ. ಉಗುರು ಬೆಚ್ಚಗಿನ ನೀರಿಗೆ ಒಂದೇ ಹನಿ ಪಾತ್ರೆ ತೊಳೆಯುವ ಸೋಪು ಹಾಕಿ ನೆನೆಸಿ. ಹೊಟ್ಟೆಯ ಭಾಗ ತೇವದ ಕಾಗದದ ಹಾಗೆ ಮುದುಡಿರುತ್ತೆ, ಅದನ್ನು ಬಣ್ಣದ ಕುಂಚದಿಂದ ಮೆಲ್ಲಗೆ ಬಿಡಿಸಿ, ಒಳಮೈ ಮೇಲೆ ಬರುವ ಹಾಗೆ ಹರಡಿ. ನಾಲ್ಕು ಬಿಳಿ ತೇಪೆ ಕಾಣುತ್ತೆ, ಅವು ಉಸಿರಾಟದವು. ಮೇಲಿನ ಎರಡು ತೇಪೆಗಳ ನಡುವೆ ಒಂದು ಅಡ್ಡ ಗೆರೆ. ಆ ಗೆರೆಯ ಹತ್ತಿರ ಸೂಜಿಯಿಂದ ಎತ್ತಿದರೆ ಏಳುವ ಒಂದು ಸಣ್ಣ ನಾಲಿಗೆಯಂಥ ಮಡಿಕೆ ಇದ್ದರೆ ಹೆಣ್ಣು. ಏನೂ ಇಲ್ಲದಿದ್ದರೆ ಗಂಡು.

ಪೊರೆಪುರಾಣ

ಗಂಡಿಗೂ ಒಂದೊಂದು ಸಲ ಅಲ್ಲಿ ಸಣ್ಣ ಉಬ್ಬು ಕಾಣುತ್ತೆ. ಅದನ್ನೇ ಚೀಲ ಅಂದುಕೊಂಡು ಮೋಸ ಹೋದವರು ಇದ್ದಾರೆ. ಫೋಟೋ ಹಾಕಿ, ಎಲ್ಲರೂ ನೋಡೋಣ.

ರಾತ್ರಿಪಾಳಿ

ಮೂಗಿನ ಹತ್ತಿರ ತರಬೇಡಿ! ಪೊರೆಯ ಮೇಲೂ ತುರಿಕೆ ಕೂದಲು ಇರುತ್ತೆ. ನಾನು ಮೊದಲ ಸಲ ಊದಿ ಧೂಳು ತೆಗೆಯಲು ಹೋಗಿದ್ದೆ. ಖಾಲಿ ಜೇಡದಿಂದ ಎರಡು ದಿನ ಮುಖ ಉರಿಸಿಕೊಂಡ ಏಕೈಕ ವ್ಯಕ್ತಿ ನಾನೇ ಇರಬೇಕು.

ಸುಮ್ನೆಓದುಗ

ಊದಿದಿರಾ? ಖಾಲಿ ಆಗಿದ್ದದ್ದು ಜೇಡ ಒಂದೇನಾ? 😂

ಹೊಸಬಳು

ಫೋಟೋ ಹಾಕಿದ್ದೇನೆ. ಮೊದಲ ಸಲ ಎಡ ತೇಪೆ ಹರಿದುಹೋಯಿತು. ಗೆರೆಯ ಹತ್ತಿರ ಏನೋ ಮಡಿಕೆ ಇದೆ, ಸೂಜಿ ತಾಗಿಸಿದರೆ ಬಾಗಿಲ ಹಾಗೆ ಏಳುತ್ತೆ.

ಚಿಮುಟ

ಹೆಣ್ಣು.

ಪೊರೆಪುರಾಣ

ಹೆಣ್ಣೇ. ಎರಡು ದಶಕದ ಜವಾಬ್ದಾರಿ, ಯೋಚಿಸಿ ಹೆಸರಿಡಿ.

ಬಿಲವಾಸಿ

ಮಹಾರಾಣಿ ಅನ್ನುವ ಹೆಸರು ಖಾಲಿ ಇದೆ, ಬೇಕಾದರೆ ತೆಗೆದುಕೊಳ್ಳಿ.

ಹೊಸಬಳು

ಖಂಡಿತ ತೆಗೆದುಕೊಂಡೆ ಅಣ್ಣ!

ಬಿಲವಾಸಿ

(ಎರಡು ತಿಂಗಳ ನಂತರ)

ಹಲವರು ಕೇಳುತ್ತಿದ್ದರು, ಅದಕ್ಕೆ ಬರೆಯುತ್ತಿದ್ದೇನೆ. ಕೊನೆಗೆ ಕತ್ತಲಕೋಣೆ ಅವರಿಗೆ ಕೊಟ್ಟೆ, ಆ ರಾತ್ರಿ ನಾನೂ ಅಲ್ಲೇ ಇದ್ದೆ. ಡಬ್ಬಿಯ ಬಾಗಿಲಲ್ಲಿ ಬಿಟ್ಟ ಕೂಡಲೇ ನೆಲ ಮುಟ್ಟಿ ನೋಡಿ ನಿಂತುಬಿಟ್ಟ. ಅವಳ ಬಲೆಯ ವಾಸನೆ ಸಿಕ್ಕಿರಬೇಕು. ಆಮೇಲೆ ಮೈ ನಡುಗಿಸುತ್ತಾ ಮುಂಗೈಗಳಿಂದ ನೆಲ ತಟ್ಟಿದ. ಟಪಟಪ, ನಿಲ್ಲಿಸಿ, ಮತ್ತೆ ಟಪಟಪ. ಒಳಗಿನಿಂದ ಅವಳೂ ತಟ್ಟಿದಳು. ಡಬ್ಬಿಯ ಪಕ್ಕ ಬೆರಳಿಟ್ಟಿದ್ದ ನನಗೂ ಅದು ತಾಗಿತು.

ಕೆಲಸ ಎರಡು ನಿಮಿಷದಲ್ಲಿ ಮುಗಿಯಿತು. ಬಿಡಿಸಿಕೊಂಡು ಓಡುವಾಗ ಅವಳು ಹಾರಿದಳು. ಕತ್ತಲಕೋಣೆ ಚಿಮುಟ ಅಡ್ಡ ಹಿಡಿದರು. ಅಷ್ಟರಲ್ಲಿ ಹಿಂದಿನ ಬಲಗಾಲು ಅವಳ ಬಾಯಲ್ಲಿತ್ತು, ಅದನ್ನು ಬಿಟ್ಟುಕೊಟ್ಟು ಬಂದ. ಈಗ ಮನೆಯಲ್ಲಿದ್ದಾನೆ. ಗಾಯ ಒಣಗಿದೆ. ಏಳೇ ಕಾಲಲ್ಲಿ ಗಾಜು ಹತ್ತುತ್ತಾನೆ, ಇಷ್ಟು ದಿನ ಏನೂ ತಿನ್ನದವನು ಮೊನ್ನೆ ಒಂದು ಹುಳ ತಿಂದ.

ಕತ್ತಲಕೋಣೆ

ಅವಳು ಈಗ ಮಣ್ಣು ತಂದು ಬಿಲದ ಬಾಯಿ ಮುಚ್ಚಿಕೊಂಡು ಕೂತಿದ್ದಾಳೆ. ಮೊಟ್ಟೆಯೋ ಪೊರೆಯೋ, ನೋಡಬೇಕು. ಕಾಲಿನ ವಿಷಯಕ್ಕೆ ಮತ್ತೊಮ್ಮೆ ಸಾರಿ ಸರ್.

ಹೊಸಬಳು

ಅಯ್ಯೋ ಪಾಪ! ಆದರೆ ಜೇಡಗಳಿಗೆ ಕಾಲು ಮತ್ತೆ ಬೆಳೆಯುತ್ತೆ ಅಂತ ಇಲ್ಲೇ ಓದಿದ್ದೆ. ಮುಂದಿನ ಪೊರೆಯಲ್ಲಿ ಬರುತ್ತೆ ಅಲ್ವಾ ಅಣ್ಣ?

ಬಿಲವಾಸಿ

ಅವನಿಗೆ ಮುಂದಿನ ಪೊರೆ ಇಲ್ಲ ಪುಟ್ಟಿ.

ಹೊಸಬಳು

ಓ. ಹೌದಲ್ವಾ.

ಚಿಮುಟ

ಬಿಲವಾಸಿ, ಗಾಜು ಹತ್ತುವಾಗ ಬಿದ್ದರೆ ಹೊಟ್ಟೆ ಒಡೆಯುತ್ತೆ, ಏಳು ಕಾಲಲ್ಲಿ ಹಿಡಿತ ಕಡಿಮೆ. ಇನ್ನೂ ಮೂರ್ನಾಲ್ಕು ಇಂಚು ಮಣ್ಣು ತುಂಬಿಸಿ, ಮುಚ್ಚಳಕ್ಕೂ ನೆಲಕ್ಕೂ ಅಂತರ ಕಡಿಮೆ ಮಾಡಿ.

ಬಿಲವಾಸಿ

ಇವತ್ತೇ ಮಾಡುತ್ತೇನೆ.